ಕಫ ಬಚ್ಚಿಡುವುದಿಲ್ಲ ಎಂದ ಮಾನ್ಸಾ

ನಮ್ಮ ಒಲೆಸಾಲಿನಲ್ಲಿ ಕೆಮ್ಮದ ಹೆಂಗಸು ಯಾರಿದ್ದಾಳೆ, ತೋರಿಸಿ ನೋಡೋಣ. ಬೆಳಗ್ಗೆ ದೋಣಿಗಳು ದಡಕ್ಕೆ ಬರುವ ಮೊದಲೇ ಕೆಮ್ಮು ಎದ್ದು ಕೂತಿರುತ್ತದೆ. ಈ ಮನೆಯಲ್ಲೊಂದು, ಆ ಮನೆಯಲ್ಲೊಂದು, ಕೋಳಿಗಳು ಒಂದಕ್ಕೊಂದು ಉತ್ತರ ಕೊಟ್ಟ ಹಾಗೆ. ಯಾಕಮ್ಮಾ ಹೀಗೆ ಕೆಮ್ಮುತ್ತೀ ಎಂದು ಕೇಳಿದರೆ, "ಅದು ಕಾಯಿಲೆ ಅಲ್ಲ ಕಣೇ, ಕಸುಬು" ಎಂದು ನಗುತ್ತಾರೆ. ಮೀನು ಹೊಗೆಯಾಡಿಸುವವಳ ಎದೆ ಹಾಗಿರುವುದೇ ಸರಿ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಒಪ್ಪದವಳು ಒಬ್ಬಳೇ, ಮಾನ್ಸಾ. ಅವಳೂ ಸುಮ್ಮನೆ ಒಪ್ಪದೇ ಹೋದವಳಲ್ಲ. ಅವಳ ಒಲೆಗೇ ಕೈ ಹಾಕಿದರು, ಆಗ ಎದ್ದು ನಿಂತಳು.

ನಾನು ಒಲೆಮನೆಯ ಬಾಗಿಲ ಪಕ್ಕದಲ್ಲೇ ಕೆಂಕೆ ಮಾರುವವಳು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಮಾಡಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ, ಖಾರದ ಜೊತೆ ಕೊಡುತ್ತೇನೆ. ಹೆಸರು ಬೇರೆ ಇದ್ದರೂ ಊರಿಗೆಲ್ಲ ನಾನು ಕೆಂಕೆಯಮ್ಮ. ಮೀನು ಕೊಳ್ಳುವವರು, ಮಾರುವವರು, ಜಗಳ ಆಡುವವರು, ಎಲ್ಲರೂ ನನ್ನ ಹಂಡೆಯ ಮುಂದೆಯೇ ಹಾದುಹೋಗಬೇಕು. ಹಾಗಾಗಿ ಈ ಸಂಗತಿಯನ್ನು ಯಾರಿಂದಲೋ ಕೇಳಿ ಹೇಳುತ್ತಿಲ್ಲ.

ಒಲೆಮನೆಯಲ್ಲಿ ಒಂದು ಕಟ್ಟಳೆ ಇದೆ. ಒಳಗೆ ಉಗುಳುವ ಹಾಗಿಲ್ಲ. ಅದು ಸರಿಯಾದದ್ದೇ. ಜನ ತಿನ್ನುವ ಪದಾರ್ಥ ಇರುವ ಜಾಗ. ಆದರೆ ಬರುಬರುತ್ತಾ ಆ ಕಟ್ಟಳೆ ಉದ್ದವಾಯಿತು. ಕೊಳ್ಳುವವರ ಎದುರು ಕೆಮ್ಮಲೂಬಾರದು. ಕೆಮ್ಮು ತಾಗಿದ ಮೀನಿಗೆ ಹುಳ ಬೀಳುತ್ತದೆ ಎಂದರು. ಪಾಪ, ಹೆಂಗಸರು ಏನು ಮಾಡಿಯಾರು? ಸೊಂಟದ ಬಟ್ಟೆಯ ಒಳಗೆ ಒಂದು ಚಿಂದಿ ಸಿಕ್ಕಿಸಿಕೊಂಡರು. ಯಾರೂ ನೋಡದಾಗ ಅದಕ್ಕೆ ಒರೆಸುವುದು, ನೋಡುತ್ತಿದ್ದರೆ ನುಂಗುವುದು. ಬುಟ್ಟಿಯಲ್ಲಿ ಔಷಧಿ ಹೊತ್ತು ದಡದಲ್ಲಿ ಮಾರುವವನ ಹತ್ತಿರ ಕೆಮ್ಮು ನಿಲ್ಲಿಸುವ ಸಿರಪ್ಪು ಕೊಂಡು ಗುಟುಕು ಗುಟುಕಾಗಿ ಕುಡಿಯುವುದು. ಇಷ್ಟು ಸಾಲದು ಎಂಬಂತೆ ಒಲೆಮನೆಯ ಸುತ್ತ ತೆಂಗಿನ ಗರಿ, ತಗಡು ಕಟ್ಟಿ ಕಿಂಡಿಯೂ ಇಲ್ಲದ ಹಾಗೆ ಮುಚ್ಚಿದ್ದರು. ಹೊಗೆ ಹೊರಗೆ ಓಡಿಹೋದರೆ ಮೀನಿಗೆ ಬಂಗಾರದ ಬಣ್ಣ ಬರುವುದಿಲ್ಲವಂತೆ.

ಬೂತಾಯಿ ಮೀನಿನ ಸುಗ್ಗಿ ಜೋರಾಗಿದ್ದ ಕಾಲ. ಒಳನಾಡಿನ ದೊಡ್ಡ ಪೇಟೆ ಕುಮಾಸಿಯಿಂದ ಬರುವ ದೊಡ್ಡ ವ್ಯಾಪಾರಗಿತ್ತಿ ಮಾನ್ಸಾಳ ಒಲೆಯ ಮೇಲಿನ ಮೀನಿನ ಜಾಲರಿಯ ಮುಂದೆ ನಿಂತು ಮೀನು ಮುರಿದು ನೋಡುತ್ತಿದ್ದಳು. ಮಾನ್ಸಾಳಿಗೆ ಕೆಮ್ಮು ಬಂತು. ತಡೆದಳು. ಮತ್ತೆ ಬಂತು. ಕಣ್ಣು ಕೆಂಪಾಗಿ, ಕತ್ತಿನ ನರ ಉಬ್ಬಿ, ಕೊನೆಗೆ ಒಡೆದ ಹಂಡೆಯ ಹಾಗೆ ಸದ್ದು ಮಾಡಿತು ಎದೆ. ಬಾಯಿಗೆ ಬಂದದ್ದನ್ನು ನುಂಗಿ, ನಗಲು ನೋಡಿದಳು.

ವ್ಯಾಪಾರಗಿತ್ತಿ ಕೈಲಿದ್ದ ಮೀನನ್ನು ಮೆಲ್ಲಗೆ ವಾಪಸು ಇಟ್ಟಳು. "ಆಮೇಲೆ ಬರ್ತೀನಿ ಕಣಮ್ಮ" ಎಂದು ಪಕ್ಕದ ಒಲೆಗೆ ಹೋದಳು.

ಮೀನುರಾಣಿ ಎಸುವೊನ್ ಅದನ್ನು ನೋಡಿದಳು. ಮೀನು ಮಾರುವವರಿಗೆಲ್ಲ ಅವಳೇ ಹಿರಿಯಳು. ಯಾರಿಗೆ ಯಾವ ಒಲೆ, ಯಾರ ಜಗಳ ಎಲ್ಲಿ ಮುಗಿಯಬೇಕು ಎಂಬುದೆಲ್ಲ ಅವಳ ಬಾಯಲ್ಲಿ. ಕೆಟ್ಟವಳೇನಲ್ಲ. ಆದರೆ ಒಮ್ಮೆ ಹೇಳಿದರೆ ಹೇಳಿದಂತೆ.

"ಮಾನ್ಸಾ, ನಿಂಗೆ ಬಂದಿರೋದು ಕೆಟ್ಟ ಕೆಮ್ಮು. ನಿನ್ನಿಂದ ಎಲ್ಲರ ವ್ಯಾಪಾರ ಹಾಳಾಗುತ್ತೆ. ಬರೋ ಮಂಗಳವಾರ ನಿನ್ನ ಒಲೇನ ಬೇರೆಯವರಿಗೆ ಕೊಡ್ತೀನಿ. ಒಳನಾಡಲ್ಲಿ ನಿನ್ನ ಅಣ್ಣ ಇದ್ದಾನಲ್ಲ, ಅಲ್ಲಿಗೆ ಹೋಗಿರು."

"ಆ ಒಲೆ ನಮ್ಮವ್ವ ಮಣ್ಣು ತುಳಿದು ಕಟ್ಟಿದ್ದು, ರಾಣಿಯಮ್ಮ."

"ನಿಮ್ಮವ್ವ ಗಿರಾಕಿ ಮುಂದೆ ಕೆಮ್ತಿರಲಿಲ್ಲ."

"ಕೆಮ್ತಿರಲಿಲ್ಲ, ನಿಜ. ಒಂದು ದಿನ ಉಸಿರೇ ಬರ್ಲಿಲ್ಲ, ಹೋದ್ಳು. ನಾನು ಎಲ್ಲಿಗೂ ಹೋಗಲ್ಲ."

ಮಾತು ಗಟ್ಟಿಯಾಗಿತ್ತು. ಆದರೆ ಎದೆ ಗಟ್ಟಿಯಿರಲಿಲ್ಲ. ಅವತ್ತಿನಿಂದ ಕೆಮ್ಮು ಯಾರಿಗೂ ಕೇಳಿಸಬಾರದು ಎಂಬ ಹಠಕ್ಕೆ ಬಿದ್ದು ಸಿರಪ್ಪಿನ ಬಾಟಲಿಯನ್ನು ಸೊಂಟದಲ್ಲೇ ಇಟ್ಟುಕೊಂಡಳು. ಕೆಮ್ಮು ನಿಂತಿತು ಕೂಡ. ಕೆಮ್ಮಿನ ಜೊತೆ ಉಸಿರೂ ನಿಲ್ಲುವ ಹಾಗಾಯಿತು. ಮೀನಿನ ಜಾಲರಿ ಎತ್ತಲು ಹೋದವಳು ಅರ್ಧದಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ನನ್ನ ಅಂಗಡಿಯವರೆಗೆ ಬಂದು ಕುಸಿದು ಕೂತಳು. ಮೊಣಕಾಲಿನ ಮೇಲೆ ಕೈ ಊರಿ, ಹೆಗಲೆತ್ತಿ ಗಾಳಿ ಎಳೆಯುತ್ತಿದ್ದಳು.

ಮಗಳು ಅರಬಾ ಓಡಿಬಂದಳು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ಕೂಸೂ ಅಮ್ಮನ ಜೊತೆ ಬೆಳಗಿನಿಂದ ಹೊಗೆಯಲ್ಲೇ.

"ಅಮ್ಮ, ಹಠ ಸಾಕು ಮಾಡು. ಮಾವನ ಊರಿಗೆ ಹೋಗು. ನಿಂಗೆ ಕೈ ಮುಗೀತೀನಿ."

"ಹೋಗಲ್ಲ" ಎಂದಳು ಮಾನ್ಸಾ. ಆ ಒಂದು ಮಾತಿಗೇ ಮೂರು ಸಲ ಉಸಿರು ತೆಗೆದುಕೊಂಡಳು.

ನಮ್ಮ ಪುಣ್ಯ, ಆಗ ಆರೋಗ್ಯ ಕೇಂದ್ರದ ನರ್ಸ್ ಪೆಟ್ರಿನಾ ಮಕ್ಕಳಿಗೆ ಚುಚ್ಚುಮದ್ದು ಹಾಕಲು ನಮ್ಮ ಬೀದಿಗೆ ಬಂದಿದ್ದಳು. ಕರೆಯಲು ನಾನೇ ಹೋದೆ. ಬಂದವಳು ಮೊದಲು ಮಾನ್ಸಾಳ ತುಟಿ ನೋಡಿದಳು, ಉಗುರು ನೋಡಿದಳು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಉಸಿರು ಆಲಿಸಿದಳು.

"ಎಷ್ಟು ದಿನದಿಂದ ಕೆಮ್ಮು, ಅಮ್ಮ?"

"ಬೂತಾಯಿ ಎಷ್ಟು ದಿನದಿಂದ ಬರ್ತಿದೆಯೋ... ಅಷ್ಟು ದಿನದಿಂದ."

"ಕಫ ಯಾವ ಬಣ್ಣ?"

"ಯಾರು ನೋಡಿದ್ದಾರೆ? ನುಂಗ್ತೀನಿ."

"ನುಂಗಿದ್ದು ಹೊಟ್ಟೆಗೆ ಹೋಗುತ್ತೆ, ವಿಷವೇನಲ್ಲ ಬಿಡಿ. ಆದ್ರೆ ನುಂಗಿದ್ರೆ ಬಣ್ಣ ಕಾಣಲ್ಲ. ಎದೆ ಒಳಗೆ ಏನಾಗ್ತಿದೆ ಅಂತ ಹೇಳೋದು ಅದೊಂದೇ. ಅದನ್ನೇ ಬಚ್ಚಿಟ್ರೆ ನಾನು ಏನು ನೋಡ್ಲಿ? ಸೊಂಟದಲ್ಲಿ ಅದೇನು, ಬಾಟಲಿ?"

ಪೆಟ್ರಿನಾ ಬಾಟಲಿ ತೆಗೆದುಕೊಂಡು ಮೂಸಿ ನೋಡಿ ಮುಖ ಸಿಂಡರಿಸಿದಳು. "ಇದು ಕೆಮ್ಮನ್ನ ಮಲಗಿಸುತ್ತೆ. ಒಳಗಿರೋ ಕಫಾನ ಮಲಗಿಸುತ್ತಾ?"

"ಕೆಮ್ಮು ಇಲ್ಲ ಅಂದ್ಮೇಲೆ ಕಫ ಎಲ್ಲಿಂದ ಬಂತು?" ಎಂದಳು ಮಾನ್ಸಾ.

ಎದುರಿಗೆ ದಡದಲ್ಲಿ ಗಂಡಸರು ಸಾಲಾಗಿ ನಿಂತು ಹಗ್ಗ ಹಿಡಿದು ದೊಡ್ಡ ಬಲೆ ಎಳೆಯುತ್ತಿದ್ದರು. ಹಾಡು ಕೇಳುತ್ತಿತ್ತು. ಪೆಟ್ರಿನಾ ಅತ್ತ ಕೈ ತೋರಿಸಿದಳು.

"ಅವರನ್ನ ನೋಡಿ. ನಿಮ್ಮ ಉಸಿರಿನ ಕೊಳವೆಯೊಳಗೂ ಹಿಂಗೇ ಒಂದು ಬಲೆ ಇದೆ. ತೆಳ್ಳನೆ ಲೋಳೆ. ನಂಗೂ ಇದೆ, ಈ ಕೂಸಿಗೂ ಇದೆ. ಅದು ಇರಲೇಬೇಕು. ಧೂಳು, ಮಸಿ, ರೋಗಾಣು ಎಲ್ಲ ಅದಕ್ಕೆ ಅಂಟ್ಕೊಳ್ಳುತ್ತೆ. ಕೊಳವೆ ಗೋಡೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಇದೆ. ಅವೇ ಎಳೆಯೋರು. ಹಗಲು ರಾತ್ರಿ ಆ ಲೋಳೇನ ಗಂಟಲ ಕಡೆ ಎಳೀತಾನೇ ಇರ್ತವೆ."

"ನಂಗೇ ಗೊತ್ತಿಲ್ದೆ?"

"ಗೊತ್ತಾಗೋದೇ ಇಲ್ಲ. ಕೂಲಿನೂ ಕೇಳಲ್ಲ."

"ಹಂಗಾದ್ರೆ ಅವರು ನಮ್ಮೂರ ಗಂಡಸರಲ್ಲ" ಎಂದೆ ನಾನು. ಅಷ್ಟು ಸಂಕಟದಲ್ಲೂ ಮಾನ್ಸಾ ನಕ್ಕಳು, ನಗು ಗೊರಗೊರ ಎಂದಿತು.

"ನೀವು ವರ್ಷಗಟ್ಟಲೆ ಹೊಗೆ ಕುಡಿದ್ರಿ" ಎಂದು ಪೆಟ್ರಿನಾ ಮುಂದುವರಿಸಿದಳು. "ಹೊಗೆ ತಾಗಿ ಎಳೆಯೋರ ಕೈ ಸೋತುಹೋಯ್ತು. ಆ ರೋಮಗಳಲ್ಲಿ ಎಷ್ಟೋ ಸತ್ತೇ ಹೋದ್ವು. ಇತ್ತ ಕಡೆ ಉರಿ ತಿಂದ ಕೊಳವೆ ಲೋಳೇನ ಜಾಸ್ತಿ ಜಾಸ್ತಿ ಮಾಡೋಕೆ ಶುರು ಮಾಡ್ತು, ಅದೂ ಅಂಟಂಟು, ಗಟ್ಟಿ. ಬಲೆ ಭಾರ ಆಯ್ತು, ಎಳೆಯೋರು ಕಮ್ಮಿ ಆದ್ರು. ಬಲೆ ನೀರಲ್ಲೇ ನಿಂತ್ರೆ ಒಳಗಿರೋ ಮೀನು ಏನಾಗುತ್ತೆ?"

"ಕೊಳೆಯುತ್ತೆ" ಎಂದಳು ಮಾನ್ಸಾ. ಮೀನಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹಂಗೇ ನಿಂತ ಕಫದಲ್ಲಿ ರೋಗಾಣು ಮನೆ ಕಟ್ಟುತ್ತೆ. ಸಣ್ಣ ಸಣ್ಣ ಕೊಳವೆಗಳು ಬಿರಡೆ ಹಾಕಿದ ಹಾಗೆ ಮುಚ್ಚಿಹೋಗ್ತವೆ. ಗಾಳಿಗೆ ದಾರಿ ಇಲ್ಲ. ಇನ್ನು ಕಫಾನ ಹೊರಗೆ ಹಾಕೋಕೆ ನಿಮಗೆ ಉಳಿದಿದ್ದು ಒಂದೇ, ಕೆಮ್ಮು. ಅದರ ಬಾಯಿಗೂ ಸಿರಪ್ಪು ಹುಯ್ದ್ರಿ."

ಮಾನ್ಸಾ ಪೆಟ್ರಿನಾಳ ಕೈಲಿದ್ದ ಬಾಟಲಿಯನ್ನು ನೋಡಿದಳು. ಆಮೇಲೆ ತಲೆ ಎತ್ತಿದಳು. ಕಣ್ಣಲ್ಲಿ ಅದೇ ಹಠ.

"ಗೊತ್ತಾಯ್ತು. ಕೊನೆಗೆ ಒಲೆ ಬಿಡು ಅಂತೀಯ, ಅಷ್ಟೇ ತಾನೆ? ನೀನೂ ಅವರ ಕಡೆಯವಳೇ."

"ಒಲೆ ಬಿಡಿ ಅಂದೆನಾ? ಹೊಗೆ ಬಿಡಿ ಅಂತೀನಿ."

"ಹೊಗೆ ಇಲ್ದೆ ಮೀನು ಹೊಗೆಯಾಡಿಸೋ ವಿದ್ಯೆ ನಿಮ್ಮ ಆಸ್ಪತ್ರೇಲಿ ಕಲಿಸ್ತಾರಾ?"

"ಹೊಗೆ ಮೀನಿಗೆ ಬೇಕು, ನಿಮ್ಮ ಎದೆಗಲ್ಲ. ಮೀನಿಗೆ ಬಣ್ಣ ಬರೋದು ಎಲ್ಲಿ? ಜಾಲರಿ ಮೇಲೆ ಹಲಗೆ ಮುಚ್ಚಿರ್ತೀರಲ್ಲ, ಅದರೊಳಗೆ. ಆಚೆ ಬಂದ ಹೊಗೆ ಬಣ್ಣ ಹಚ್ತಿರೋದು ಈ ತಗಡಿಗೆ. ನೋಡಿ, ಎಷ್ಟು ಚೆನ್ನಾಗಿ ಮಿಂಚ್ತಿದೆ. ಇದನ್ನ ಯಾರು ಕೊಳ್ತಾರೆ?"

ನಾನು ತಿರುಗಿ ನೋಡಿದೆ. ದಿನಾ ಕಾಣುವ ಗೋಡೆ. ಮಸಿ ಮೆತ್ತಿ ಮೆತ್ತಿ ಡಾಂಬರಿನ ಹಾಗೆ ಹೊಳೆಯುತ್ತಿತ್ತು. ಅದರ ಒಳಗೇ ಕೂತು ಉಸಿರಾಡುವ ನಮ್ಮವರ ಎದೆ ಇನ್ನು ಹೇಗಿರಬೇಡ!

ಪೆಟ್ರಿನಾ ಮಾನ್ಸಾಳನ್ನು ಒಲೆಮನೆಯ ಹಿಂದಿನ ತೆಂಗಿನ ತೋಪಿಗೆ ಕರೆದೊಯ್ದಳು. ನನ್ನ ಹತ್ತಿರ ಹಾಲಿನ ಪುಡಿಯ ಖಾಲಿ ಡಬ್ಬಿಯೊಂದನ್ನು ಮುಚ್ಚಳದ ಸಮೇತ ಇಸಿದುಕೊಂಡಳು. ನೇರ ಕೂರಿಸಿದಳು. ನಿಧಾನಕ್ಕೆ ಮೂಗಿನಿಂದ ಉಸಿರು ತುಂಬಿಕೊಂಡು, ಕೊಂಚ ತಡೆದು, ಬಾಯಿ ಅಗಲಿಸಿ "ಹಾ..." ಎಂದು ಬಿಡಲು ಹೇಳಿದಳು. "ಕನ್ನಡಿ ಒರೆಸೋಕೆ ಮುಂಚೆ ಊದ್ತೀವಲ್ಲ, ಹಂಗೆ. ಗಂಟಲು ಹರ್ಕೊಂಡು ಕೆಮ್ಮಬೇಡಿ. ಕಫ ಮೇಲೆ ಬಂತು ಅನ್ನಿಸಿದಾಗ ಮಾತ್ರ ಕೆಮ್ಮಿ. ನಡುವೆ ಸುಧಾರಿಸ್ಕೊಳ್ಳಿ."

"ಹಾ..." ಎಂದಳು ಮಾನ್ಸಾ. ಏನೂ ಇಲ್ಲ. ಮತ್ತೆ "ಹಾ..." ಎಂದಳು. ಎದೆಯೊಳಗೆ ಏನೋ ಸರಿದಾಡಿದ್ದು ನನಗೂ ಕೇಳಿಸಿತು. ಆಮೇಲೆ ಒಂದೇ ಕೆಮ್ಮು. ಡಬ್ಬಿಗೆ ಬಿದ್ದದ್ದು ಹಸಿರು, ಅಂಟಿನ ಹಾಗೆ ಗಟ್ಟಿ, ಎಳೆ ಎಳೆ. ಇನ್ನೊಂದಷ್ಟು ಬಂತು. ನಾನು ಮುಖ ತಿರುಗಿಸಿದೆ. ಮಾನ್ಸಾ ಮಾತ್ರ ಡಬ್ಬಿಯೊಳಗೇ ನೋಡುತ್ತಿದ್ದಳು.

"ಇದನ್ನಾ ನಾನು ಒಳಗಿಟ್ಕೊಂಡಿದ್ದು!"

ಅವಳು ಅದನ್ನು ಒಂದೇ ಉಸಿರಿನಲ್ಲಿ ಹೇಳಿದ್ದಳು. ಅರಬಾ ಅಮ್ಮನ ಮುಖವನ್ನೇ ನೋಡಿ ಅಳತೊಡಗಿದಳು.

"ಇಷ್ಟಕ್ಕೆ ವಾಸಿ ಆಯ್ತು ಅನ್ಕೋಬೇಡಿ" ಎಂದಳು ಪೆಟ್ರಿನಾ. "ಬಣ್ಣ ಹಸಿರಿಗೆ ತಿರುಗಿದೆ, ಉಸಿರು ಕಟ್ತಿದೆ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕ್ಷಯದ ಪರೀಕ್ಷೆ ಆಗಲೇಬೇಕು. ಕ್ಷಯ ಇದ್ರೂ ಹೆದರಬೇಕಿಲ್ಲ, ಔಷಧಿ ಇದೆ. ಗೊತ್ತಿಲ್ದೆ ಇರೋದೇ ಹೆದರೋ ವಿಷಯ."

ಟ್ರೊಟ್ರೊ ಎಂಬ ಬಾಡಿಗೆ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಡ್ರೈವರನ ಸಂಗಡ ಜಗಳವಾಡಿ ಮಾನ್ಸಾ ಆಸ್ಪತ್ರೆಗೆ ಹೋದಳು. ಜಗಳ ಆಡಿದಳಲ್ಲ, ಬದುಕುತ್ತಾಳೆ ಎಂದು ನನಗೆ ಧೈರ್ಯ ಬಂತು. ಅಲ್ಲಿ ಕಫ ಪರೀಕ್ಷೆ ಮಾಡಿದರು, ಎದೆಯ ಫೋಟೊ ತೆಗೆದರು. ಕ್ಷಯವಲ್ಲ ಎಂದು ಗೊತ್ತಾಯಿತು. ಹೊಗೆಯಿಂದ ಉಸಿರಿನ ಕೊಳವೆಗಳಿಗೆ ಹತ್ತಿದ ಹಳೆಯ ಕಾಯಿಲೆ, ಅದರ ಮೇಲೆ ಹೊಸ ಸೋಂಕು. ಸೋಂಕಿಗೆ ಮಾತ್ರೆ ಕೊಟ್ಟರು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಕೊಟ್ಟು, ಅದನ್ನು ಹಿಡಿಯುವ ಬಗೆ ಕಲಿಸಿದರು. ಸೋಂಕು ಇಳಿದ ಮೇಲೆ ಬಂದು ಯಂತ್ರದ ಕೊಳವೆಗೆ ಊದಬೇಕು, ಎದೆಯ ಬಲ ಎಷ್ಟು ಉಳಿದಿದೆ ನೋಡುತ್ತೇವೆ ಎಂದರು. ಡಾಕ್ಟರು ಸುಳ್ಳು ಹೇಳಲಿಲ್ಲ. ಹೋದ ಬಲ ಪೂರ್ತಿ ತಿರುಗಿ ಬರುವುದಿಲ್ಲ, ಆದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರಂತೆ.

"ಉಳಿದಿರೋದು ಸಾಕು ಕಣೇ ಕೆಂಕೆಯಮ್ಮ, ರಾಣಿಯಮ್ಮನ ಎದುರು ಮಾತಾಡೋಕೆ" ಎಂದಳು ಮಾನ್ಸಾ, ಇಳಿದು ಬಂದವಳೇ.

ಮಂಗಳವಾರ ನಮ್ಮಲ್ಲಿ ಸಮುದ್ರಕ್ಕೆ ಬಿಡುವು. ಯಾರೂ ದೋಣಿ ಇಳಿಸುವ ಹಾಗಿಲ್ಲ. ಪಂಚಾಯಿತಿಗಳೆಲ್ಲ ಅವತ್ತೇ. ಮೀನುರಾಣಿ ತನ್ನ ಪೀಠದ ಮೇಲೆ ಕೂತಿದ್ದಳು, ಸುತ್ತ ಒಲೆಸಾಲಿನ ಹೆಂಗಸರು. ಮಾನ್ಸಾ ಮುಚ್ಚಳದ ಡಬ್ಬಿ ಹಿಡಿದುಕೊಂಡೇ ಬಂದಳು, ಹಿಂದೆ ಪೆಟ್ರಿನಾ.

"ಅದೇನು ಕೈಲಿ?" ಎಂದಳು ಮೀನುರಾಣಿ.

"ನನ್ನ ಕಫದ ಡಬ್ಬಿ."

ಹೆಂಗಸರು ಸೆರಗಿನಂತೆ ಹೊದ್ದ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡರು. ಯಾರೋ "ಥೂ, ನಾಚಿಕೆ ಇಲ್ವಾ ನಿಂಗೆ!" ಎಂದರು.

"ನಾಚಿಕೆ ಪಟ್ಟು ಪಟ್ಟೇ ಸಾಯೋಕೆ ಹೊರಟಿದ್ದೆ. ಇನ್ನು ನಾಚಲ್ಲ. ಕೆಮ್ಮು ಬಂದ್ರೆ ತೋಪಿಗೆ ಹೋಗ್ತೀನಿ, ಮೀನಿಂದ ದೂರ. ಇದರಲ್ಲಿ ಉಗೀತೀನಿ, ಮುಚ್ತೀನಿ, ಕಕ್ಕಸಿಗೆ ಸುರೀತೀನಿ, ಸೋಪು ಹಾಕಿ ಕೈ ತೊಳ್ಕೊಂಡು ಬರ್ತೀನಿ. ಆದ್ರೆ ತಡೆದಿಟ್ಕೊಳ್ಳಲ್ಲ, ಬಚ್ಚಿಡಲ್ಲ. ಕ್ಷಯ ಇಲ್ಲ ಅಂತ ಆಸ್ಪತ್ರೇಲಿ ಹೇಳಿದ್ದಾರೆ, ಸಿಸ್ಟರನ್ನ ಕೇಳಿ. ನಂಗೊಬ್ಬಳಿಗೇನಾ ಕೆಮ್ಮು ಇರೋದು? ನಿಮ್ಮ ಸೊಂಟದಲ್ಲಿರೋ ಚಿಂದಿ ತೆಗೀರಿ ನೋಡೋಣ!"

ಹೆಂಗಸರು ಸೊಂಟದ ಬಟ್ಟೆ ಬಿಗಿ ಮಾಡಿಕೊಂಡರು. ಆಗ ಗುಂಪಿನ ಹಿಂದಿನಿಂದ ಅರಬಾ ಎದ್ದಳು. ಸೊಂಟಕ್ಕೆ ಕೈ ಹಾಕಿ ಮುದುರಿದ ಚಿಂದಿಯೊಂದನ್ನು ತೆಗೆದು ಅಂಗೈಯಲ್ಲಿ ಹಿಡಿದಳು.

ಮಾನ್ಸಾಳ ಮುಖ ಇಳಿದುಹೋಯಿತು. "ನಿಂಗೂನಾ, ಮಗಳೇ? ಯಾವಾಗಿಂದ?"

"ಹೋದ ಸುಗ್ಗಿಯಿಂದ, ಅಮ್ಮ. ಹೇಳಿದ್ರೆ ನನ್ನನ್ನೂ ಕಳಿಸ್ತಾರೆ ಅಂತ ಹೆದರಿದ್ದೆ."

ಇನ್ನೂ ಹಾಲು ಕುಡಿಯುವ ಕೂಸಿನ ತಾಯಿ ಅವಳು. ಪಕ್ಕದವಳು ತನ್ನ ಚಿಂದಿ ತೆಗೆದಳು. ಅವಳ ಪಕ್ಕದವಳೂ ತೆಗೆದಳು. "ಥೂ" ಎಂದಿದ್ದವಳೂ ತೆಗೆದಳು. ಮೀನುರಾಣಿ ತನ್ನ ಸೊಂಟ ಮುಟ್ಟಲಿಲ್ಲ. ಆದರೆ ಬಹಳ ಹೊತ್ತು ಯಾರ ಮುಖವನ್ನೂ ನೋಡಲಿಲ್ಲ.

"ಈಗೇನು ಮಾಡು ಅಂತೀಯ?" ಎಂದಳು ಕೊನೆಗೆ.

"ಕಡಲ ಕಡೆ ಗೋಡೆ, ತೋಪಿನ ಕಡೆ ಗೋಡೆ, ಎರಡನ್ನೂ ಕೀಳಿಸಿ. ಗಾಳಿ ಈ ಕಡೆ ಬಂದು ಆ ಕಡೆ ಹೋಗ್ಲಿ. ಒಣಗಿದ ಸೌದೆ ಹಾಕೋಣ. ಕೂಸುಗಳು ಒಳಗೆ ಬೇಡ."

"ಬಣ್ಣ ಕೆಟ್ರೆ?"

"ಕೆಟ್ರೆ ನನ್ನ ಒಲೆ ತಗೊಳ್ಳಿ. ಬೇರೆ ಯಾರೂ ಹೇಳೋದು ಬೇಡ, ನಾನೇ ಅಣ್ಣನ ಊರಿನ ಗಾಡಿ ಹತ್ತೀನಿ. ಕೆಡದೇ ಇದ್ರೆ ಯಾರ ಒಲೇನೂ ಯಾರೂ ಮುಟ್ಟೋ ಹಾಗಿಲ್ಲ. ಕೆಮ್ಮೋರದ್ದೂ ಸೇರಿ!"

"ಆಗ್ಲಿ" ಎಂದಳು ಮೀನುರಾಣಿ.

ತಗಡು ಕಳಚಲು ಗಂಡಸರು ಬರುತ್ತೇವೆಂದು ಹೇಳಿ ಬರಲಿಲ್ಲ. ಹೆಂಗಸರೇ ಕಿತ್ತರು. ಮರುದಿನ ದೋಣಿಗಳು ಬಂದವು. ಮಾನ್ಸಾ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಲೆಯ ಗಾಳಿ ಬರುವ ಬದಿಗೆ ನಿಂತಳು. ಅರಬಾ ಜಾಲರಿ ಎತ್ತಿ ಇಳಿಸಿದಳು. ಕೂಸು ತೋಪಿನಲ್ಲಿ ನನ್ನ ತಂಗಿಯ ಮಡಿಲಲ್ಲಿ. ನನ್ನ ಕೆಂಕೆಯ ಒಲೆಯನ್ನೂ ಪೆಟ್ರಿನಾ ಬಿಡಲಿಲ್ಲ, ದೂರ ಸರಿಸಿದಳು. ಮೀನುರಾಣಿ ಆಗಾಗ ಬಂದು ಹಲಗೆ ಎತ್ತಿ ನೋಡಿ, ಮತ್ತೆ ಮುಚ್ಚಿ ಹೋಗುತ್ತಿದ್ದಳು. ನಾನು ಅವತ್ತು ಖಾರಕ್ಕೆ ಎರಡು ಸಲ ಉಪ್ಪು ಹಾಕಿದೆ, ಅಷ್ಟು ಪುಕಪುಕ.

ಕುಮಾಸಿಯ ವ್ಯಾಪಾರಗಿತ್ತಿ ಬಂದಳು. ಜಾಲರಿಗಳ ಮುಂದೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆದಳು. ಒಂದು ಕಡೆ ನಿಂತಳು. ಮೀನು ಎತ್ತಿ ಬೆಳಕಿಗೆ ಹಿಡಿದಳು, ಬೆನ್ನು ಮುರಿದಳು, ಮೂಸಿದಳು, ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಒಳ್ಳೇ ಬಣ್ಣ. ಮಸಿ ವಾಸನೆನೂ ಇಲ್ಲ. ಇದಷ್ಟೂ ನಂಗೆ ಕಟ್ಟಿಸಿ. ಯಾರ ಒಲೆ ಇದು?"

ಎಲ್ಲರೂ ಮೀನುರಾಣಿಯ ಕಡೆ ತಿರುಗಿದರು. ಅವಳು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು:

"ಮಾನ್ಸಾಳದ್ದು. ಅವರವ್ವ ಕಟ್ಟಿದ್ದು."

ಇದನ್ನು ಓದುತ್ತಿರುವ, ಕೇಳಿಸಿಕೊಳ್ಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನೀವು ಮೀನು ಹೊಗೆಯಾಡಿಸದೇ ಇರಬಹುದು. ಸೌದೆ ಒಲೆಯ ಮುಂದೆ ಕೂರುವವರಿರಬಹುದು, ಇಟ್ಟಿಗೆ ಗೂಡಿನಲ್ಲಿ ದುಡಿಯುವವರಿರಬಹುದು, ಬೀಡಿ ಸೇದುವವರಿರಬಹುದು. ದಿನಾ ಬೆಳಗ್ಗೆ ಕಫ ಕಟ್ಟುತ್ತದೆಯೇ? ಮೆಟ್ಟಿಲು ಹತ್ತಿದರೆ ಉಸಿರು ಸಾಲದೇ? ಅದಕ್ಕೆ ಕಸುಬು ಎಂದು ಹೆಸರಿಟ್ಟು ಸುಮ್ಮನಾಗಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಪರೀಕ್ಷೆ ಮಾಡಿಸಿ. ಕಫ ಹೆಚ್ಚಾದರೆ, ಹಳದಿ, ಹಸಿರು ಆದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ಕಂಡರೆ ಆ ಕ್ಷಣವೇ ಹೊರಡಿ. ಕಫದ ಕೆಮ್ಮಿಗೆ ಸಿಕ್ಕಿದ ಸಿರಪ್ಪು ಕುಡಿದು ಬೀಗ ಹಾಕಬೇಡಿ. ಬೀಡಿ ಬಿಡಿ, ಹೊಗೆಗೆ ದಾರಿ ಬಿಡಿ, ಕೂಸನ್ನು ಆಚೆ ಇಡಿ.

ಯಾರಾದರೂ ಮೂಗು ಮುಚ್ಚಿಕೊಂಡು "ಥೂ, ನಾಚಿಕೆ ಇಲ್ವಾ" ಎಂದರೆ, ಮುಖ ಎತ್ತಿ ಹೇಳಿ: ಇಲ್ಲ. ನನಗೆ ಉಸಿರು ಬೇಕು.